ಮೀನಿಗೂ ರಾತ್ರಿ ಬೇಕು

ಪುಣೆ, ಮುಂಬೈ, ಹೈದರಾಬಾದಿನ ಎಷ್ಟೋ ಕಚೇರಿಗಳ ರಿಸೆಪ್ಷನ್‌ನಲ್ಲಿ ಅಕ್ವೇರಿಯಂ ದೀಪ ಆರುವುದೇ ಇಲ್ಲ. ರಾತ್ರಿ ಪಾಳಿಯ ನಾವಾದರೂ ಹಗಲು ಪರದೆ ಎಳೆದು ಮಲಗುತ್ತೇವೆ. ಗೋಲ್ಡ್‌ಫಿಶ್, ಗಪ್ಪಿಗಳಿಗೆ ಮುಚ್ಚಲು ರೆಪ್ಪೆಯೇ ಇಲ್ಲ. ಕತ್ತಲಾದರೆ ಮಾತ್ರ ಅವಕ್ಕೆ ವಿಶ್ರಾಂತಿ.

ಜೀವಂತ ಗಿಡಗಳಿರುವ ತೊಟ್ಟಿಗೆ ಸಾಮಾನ್ಯವಾಗಿ ದಿನಕ್ಕೆ 6ರಿಂದ 8 ಗಂಟೆ ಬೆಳಕು ಸಾಕು. ಗಿಡವಿಲ್ಲದಿದ್ದರೆ ಕೋಣೆಯ ಹಗಲು ಬೆಳಕೇ ಮೀನಿಗೆ ಸಾಲುತ್ತದೆ. ದೀಪ ಇರುವುದು ನೋಡುವ ನಮಗಾಗಿ. ಅತಿಯಾದ ಬೆಳಕಿಗೆ ತಿನ್ನದೆ ಉಳಿದ ಆಹಾರವೂ ಸೇರಿದರೆ ಗಾಜಿಗೆ ಪಾಚಿ ಹತ್ತುತ್ತದೆ. ಆಗ ನೀರು ಬದಲಿಸುವ ಹುಡುಗನನ್ನು ಬೈಯುತ್ತೇವೆ, ಸ್ವಿಚ್ಚಿನತ್ತ ನೋಡುವುದಿಲ್ಲ.

ಒಂದು ಟೈಮರ್ ಹಾಕಿದರೆ ಮುಗಿಯಿತು. ಫಿಲ್ಟರ್, ಏರ್ ಪಂಪು ಮಾತ್ರ ನಡೆಯುತ್ತಿರಲಿ. ಅಂದಕ್ಕೆಂದು ಜೀವ ಸಾಕಿದ ಮೇಲೆ ಅದಕ್ಕೊಂದು ರಾತ್ರಿಯನ್ನೂ ಕೊಡಬೇಕು.