ಒಂದೇ ವಿಮಾನ, ಎರಡು ದರ್ಜೆ

ಕಳೆದ ವರ್ಷ ಕಂಪನಿಯ ಖರ್ಚಿನಲ್ಲಿ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗೆ ಬಿಸಿನೆಸ್ ಕ್ಲಾಸಿನಲ್ಲಿ ಬಂದೆ. ಹಾಸಿಗೆಯಾಗುವ ಆಸನ, ಬಿಸಿ ಟವೆಲು, ಪಿಂಗಾಣಿ ತಟ್ಟೆಯಲ್ಲಿ ಊಟ. ಆದರೂ ಪರದೆಯ ಹಿಂದಿದ್ದವರೂ ನಾನೂ ದೇವನಹಳ್ಳಿ ತಲುಪಿದ್ದು ಒಂದೇ ಗಳಿಗೆಯಲ್ಲಿ. ಹೆಚ್ಚಿನ ಹಣಕ್ಕೆ ದಕ್ಕಿದ್ದು ನಿದ್ದೆ, ಸಮಯವಲ್ಲ.

ನೆಲದ ಮೇಲಿನ ದರ್ಜೆಭೇದ ಇದಕ್ಕಿಂತ ಕಠೋರವಾದುದು. ನನ್ನೂರು ಹೊಸದುರ್ಗಕ್ಕೆ ಹೋಗಲು ಹಿರಿಯೂರಿನಲ್ಲಿ ಬಸ್ಸು ಬದಲಿಸುವಾಗ ಅದು ಮನದಟ್ಟಾಯಿತು. ಹಿರಿಯೂರಿಗೆ ರೈಲೇ ಇಲ್ಲ. ಚಿತ್ರದುರ್ಗದಿಂದ ರೈಲಿನಲ್ಲಿ ಬೆಂಗಳೂರಿಗೆ ಹೊರಟವರು ಹೊಳಲ್ಕೆರೆ, ಚಿಕ್ಕಜಾಜೂರು, ಅರಸೀಕೆರೆಗಳನ್ನು ಸುತ್ತಬೇಕು. 2011–12ರಲ್ಲಿ ಮಂಜೂರಾದ ತುಮಕೂರು–ದಾವಣಗೆರೆ ನೇರ ಮಾರ್ಗ ಇನ್ನೂ ಪೂರ್ಣಗೊಂಡಿಲ್ಲ. 2008ರಲ್ಲಿ ಆರಂಭವಾದ ದೇವನಹಳ್ಳಿ ನಿಲ್ದಾಣಕ್ಕೆ 2022ರಲ್ಲೇ ಎರಡನೆಯ ಟರ್ಮಿನಲ್ ಬಂತು.

ಸರ್ಕಾರಗಳು ಅಲ್ಲಿ ತೋರಿದ ಅವಸರದಲ್ಲಿ ಅರ್ಧದಷ್ಟನ್ನಾದರೂ ಈ ಹಳಿಗಳಿಗೆ ತೋರಲಿ. ಹಿಂದಿನ ಸಾಲಿನ ಈ ತಾಲ್ಲೂಕುಗಳು ಕೇಳುತ್ತಿರುವುದು ಸುಖಾಸನವನ್ನಲ್ಲ, ಸಕಾಲಕ್ಕೆ ತಲುಪುವ ದಾರಿಯನ್ನು.