ಘಟ್ಟ ಇಳಿದದ್ದಾಯಿತು, ಪೇಟೆ ಮುಟ್ಟುವುದು ಹೇಗೆ?

ಬೆಳೆಗಾರ ಬಂಧುಗಳು ನಾಲ್ಕು ಜನ ಸೇರಿದಲ್ಲೆಲ್ಲ ಶಿರಾಡಿ ರಸ್ತೆಯದೇ ಮಾತು. ಅದು ಸಹಜ. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಕುಸಿದು, ರೈಲುಹಾದಿಯೂ ನಿಂತಾಗ ಪಟ್ಟ ಪಾಡನ್ನು ಮರೆಯುವಂತಿಲ್ಲ. ಆದರೆ ಘಟ್ಟ ಇಳಿದ ಮೇಲಿನ ಕಷ್ಟದ ಬಗ್ಗೆ ನಾವು ಸೊಲ್ಲೆತ್ತುವುದೇ ಇಲ್ಲ.

ಕಳೆದ ಮಳೆಗಾಲದ ನನ್ನ ಅನುಭವ ಹೇಳುತ್ತೇನೆ. ಅಡಿಕೆಗೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿಗೆ ಪಂಪು ಕೆಟ್ಟಿತು. ಬಿಡಿಭಾಗಕ್ಕೆ ಮಂಗಳೂರಿಗೇ ಹೋಗಬೇಕು. ಸಕಲೇಶಪುರದಲ್ಲಿ ಹಗಲು ರೈಲು ಹಿಡಿದೆ. ಘಟ್ಟದ ಮಳೆಯಿಂದಾಗಿ ರೈಲು ತಡವಾಯಿತು. ಇಳಿದ ಮೇಲೆ ಪೇಟೆಯ ಬಸ್ಸು ಎಲ್ಲಿ ಸಿಗುತ್ತದೆಂದು ತಿಳಿಯದೆ, ರಿಕ್ಷಾ ಹುಡುಕಿ ಹಂಪನಕಟ್ಟೆ ಮುಟ್ಟುವಾಗ ಅಂಗಡಿ ಬಾಗಿಲು ಹಾಕಿತ್ತು. ವಸತಿಗೃಹದ ಖರ್ಚು ಹೋಗಲಿ, ಮರುದಿನ ಮಳೆ ಬಿಡುವು ಕೊಟ್ಟಿತ್ತು. ಆ ದಿನ ಕೈತಪ್ಪಿತು. ಕೊಳೆರೋಗ ನಮಗಾಗಿ ಕಾಯುವುದಿಲ್ಲ.

ಮಂಗಳೂರಿಗೆ ಬಾಗಿಲುಗಳು ನಾಲ್ಕು. ಸಾರಿಗೆ ಸಂಸ್ಥೆಯ ಬಸ್ಸು ಬಿಜೈಗೆ, ಖಾಸಗಿ ಸರ್ವಿಸ್ ಬಸ್ಸು ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ, ಬೆಂಗಳೂರಿನ ಹಗಲು ರೈಲು ಪಡೀಲ್ ಬಳಿಯ ಜಂಕ್ಷನ್ನಿಗೆ, ಪುತ್ತೂರು ಕಡೆಯ ಪ್ಯಾಸೆಂಜರ್ ಸೆಂಟ್ರಲ್‌ಗೆ. ಒಂದು ಬಾಗಿಲಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಮ್ಮ ಕೆಲಸವಿರುವುದೋ ಬಂದರಿನ ಮಂಡಿಗಳಲ್ಲಿ, ಕ್ಯಾಂಪ್ಕೋ ಕಚೇರಿಯಲ್ಲಿ, ಆಸ್ಪತ್ರೆಗಳಲ್ಲಿ.

ರಿಕ್ಷಾ ಇದೆಯಲ್ಲ ಎನ್ನುವವರುಂಟು. ಸಕಲೇಶಪುರದಿಂದ ಬರುವ ರೈಲಿನ ಟಿಕೇಟಿಗಿಂತ ಜಂಕ್ಷನ್ನಿನಿಂದ ಪೇಟೆಗೆ ರಿಕ್ಷಾ ಬಾಡಿಗೆಯೇ ಹೆಚ್ಚಾಗುವುದುಂಟು. ಎರಡೆಕರೆ ತೋಟದವನು, ಕಾಯಿಲೆಯ ತಾಯಿಯನ್ನು ಕರೆತರುವವನು ಇದನ್ನು ಎಷ್ಟು ಸಲ ಭರಿಸಿಯಾನು?

ಹಾಸನ–ಮಂಗಳೂರು ರೈಲು 1979ರಲ್ಲಿ ಬಂತು. ಹಳಿ ಅಗಲಗೊಳಿಸಲೆಂದು ನಿಂತದ್ದು ಪ್ರಯಾಣಿಕರಿಗೆ ಮತ್ತೆ ದೊರೆತದ್ದು 2007ರ ಡಿಸೆಂಬರಿನಲ್ಲಿ. ಹಳಿಗಾಗಿ ಅಷ್ಟು ವರ್ಷ ಕಾದ ನಾವು, ಕೊನೆಯ ಮೂರು ಮೈಲಿಗಾಗಿ ಒಂದು ಅರ್ಜಿಯನ್ನಾದರೂ ಬರೆಯಬೇಡವೇ?

ಕೇಳುವುದು ದೊಡ್ಡದೇನಲ್ಲ. ರೈಲಿನ ವೇಳೆಗೆ ಹೊಂದುವಂತೆ ಜಂಕ್ಷನ್, ಪಂಪ್‌ವೆಲ್, ಹಂಪನಕಟ್ಟೆ, ಸ್ಟೇಟ್ ಬ್ಯಾಂಕ್ ಮಾರ್ಗವಾಗಿ ಸಿಟಿ ಬಸ್ಸು. ಕೆಲವು ಬಿಜೈಗೂ ಹೋಗಲಿ. ಪ್ರತಿ ನಿಲ್ದಾಣದಲ್ಲೂ ಮಾರ್ಗದ ನಂಬರು, ವೇಳೆ ತಿಳಿಸುವ ದಪ್ಪಕ್ಷರದ ಕನ್ನಡ ಫಲಕ. ಸಾಮಾನಿನ ಮೂಟೆಗೆ ಬಸ್ಸಿನಲ್ಲಿ ನಿಗದಿಯಾದ ದರ. ಇದಕ್ಕೆ ಸುರಂಗವೂ ಬೇಡ, ಮೇಲ್ಸೇತುವೆಯೂ ಬೇಡ.

ಬಸ್ಸಿನ ಮಾರ್ಗ, ಪರವಾನಗಿ ತೀರ್ಮಾನಿಸುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅಲ್ಲಿ ಬಸ್ ಮಾಲೀಕರ ದನಿ ಕೇಳುತ್ತದೆ, ಊರವರ ದನಿಯೂ ಕೇಳುತ್ತದೆ. ಘಟ್ಟದವರ ದನಿ ಕೇಳದಿದ್ದರೆ ತಪ್ಪು ನಮ್ಮದೇ. ಪ್ರತಿಯೊಂದು ಸಂಘವೂ ಮುಂದಿನ ಸಭೆಯಲ್ಲಿ ಈ ಬಗ್ಗೆ ನಿರ್ಣಯ ಮಾಡಿ ಕಳುಹಿಸಬೇಕಾಗಿ ವಿನಂತಿ. ಸದಸ್ಯರು ತಮ್ಮ ಅನುಭವಗಳನ್ನು ತಾರೀಕು ಸಮೇತ ಬರೆದು ಕೊಟ್ಟರೆ, ಅವನ್ನೆಲ್ಲ ಕೂಡಿಸಿ ಒಪ್ಪಿಸುವ ಕೆಲಸ ನನ್ನದು.