ದೇವರಗುಡ್ಡದ ಕಾರಣಿಕ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನೆಲೆಸಿರುವ ಮಾಲತೇಶನು ಕುರಿ ಕಾಯುವವರ ದೇವರು, ಹೊಲ ಉಳುವವರ ದೇವರು. ಮೈಲಾರಲಿಂಗನೆಂಬುದು ಅವನ ಇನ್ನೊಂದು ಹೆಸರು. ಕಂಬಳಿ ಹೊದ್ದು, ಡಮರುಗ ಹಿಡಿದು, ಹಣೆಗೆ ಭಂಡಾರ ಬಳಿದುಕೊಂಡ ಗೊರವರು ಅವನ ಪರಿವಾರ. ಅವರು ದೇವರ ನಾಯಿಗಳಾಗಿ ಬೊಗಳುತ್ತ, ದೋಣಿಯಲ್ಲಿಟ್ಟ ಪ್ರಸಾದವನ್ನು ಬಾಯಿಂದಲೇ ಉಣ್ಣುವುದುಂಟು. ಮಂದೆ ಕಾಯುವವನಿಗೆ ನಾಯಿಗಿಂತ ಹತ್ತಿರದ ಒಡನಾಡಿ ಬೇರೆ ಯಾರು?

ಈ ಜನಪದ ದೈವವು ಕಾಲಕ್ರಮದಲ್ಲಿ ಪುರಾಣವನ್ನು ಪ್ರವೇಶಿಸಿತು. ಮಣಿ, ಮಲ್ಲ ಎಂಬ ದೈತ್ಯರನ್ನು ಸಂಹರಿಸಿದ ಮಾರ್ತಾಂಡಭೈರವನೇ ಇವನು, ಸಾಕ್ಷಾತ್ ಶಿವನೇ ಇವನು ಎಂಬ ಕಥೆ ಹಬ್ಬಿತು. ಮಹಾರಾಷ್ಟ್ರದಲ್ಲಿ ಇವನೇ ಖಂಡೋಬಾ, ತೆಲಂಗಾಣದಲ್ಲಿ ಮಲ್ಲಣ್ಣ. ಆದರೆ ಶಿವನಾದ ಮೇಲೂ ಮೈಲಾರನು ಕಂಬಳಿಯನ್ನು ಬಿಡಲಿಲ್ಲ, ನಾಯಿಯನ್ನು ದೂರ ಮಾಡಲಿಲ್ಲ. ಅವನ ಹಿರಿಮೆ ಇರುವುದು ಇಲ್ಲಿಯೇ.

ಪ್ರಾಚೀನ ಈಜಿಪ್ತಿನ ಅಮುನ್ ದೇವನ ಕಥೆ ಬೇರೆ. ಮೊದಲು ಅವನು ಥೀಬ್ಸ್ ಎಂಬ ಊರಿನ ದೇವರು ಮಾತ್ರ. ಆ ಊರಿನ ಅರಸರು ಪ್ರಬಲರಾದಂತೆ ಸೂರ್ಯದೇವನಾದ ರಾ ಎಂಬವನೊಡನೆ ಒಂದಾಗಿ ದೇವತೆಗಳಿಗೆಲ್ಲ ರಾಜನಾದನು. ಕ್ರಿ.ಪೂ. 14ನೆಯ ಶತಮಾನದಲ್ಲಿ ಅಖೆನಾತನ್ ಎಂಬ ದೊರೆ ಶಿಲೆಗಳ ಮೇಲಿದ್ದ ಅವನ ಹೆಸರನ್ನೇ ಅಳಿಸಿ ಹಾಕಿಸಿದನು. ಮುಂದಿನ ದೊರೆಗಳು ಮತ್ತೆ ಪ್ರತಿಷ್ಠಾಪಿಸಿದರು. ಅವನಿಗೂ ಕಾರಣಿಕವಿತ್ತು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರನು ಮರುಭೂಮಿಯನ್ನು ದಾಟಿ ಸೀವಾದ ಗುಡಿಯಲ್ಲಿ ಅವನ ನುಡಿಯನ್ನು ಕೇಳಿದನು. ಸಿಂಹಾಸನಗಳ ಆಸರೆಯಲ್ಲಿ ಬೆಳೆದ ಆ ದೇವರಿಗೆ ಇಂದು ಹಾಳು ಗುಡಿಗಳಷ್ಟೇ ಉಳಿದಿವೆ.

ನವರಾತ್ರಿಯ ಕಾಲದಲ್ಲಿ ದೇವರಗುಡ್ಡಕ್ಕೆ ಜನಸಾಗರವೇ ಹರಿದುಬರುತ್ತದೆ. ವ್ರತನಿಷ್ಠನಾದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಎಲ್ಲವೂ ನಿಶ್ಶಬ್ದ. ಅನಂತರ ಒಂದೇ ಒಂದು ವಾಕ್ಯ, ಅದೂ ಒಗಟಿನಂತಹುದು. ಮಳೆ ಬೆಳೆಗಳ ಮುನ್ಸೂಚನೆಯೆಂದು ರೈತರು ಅದನ್ನು ಕಿವಿಗೊಟ್ಟು ಕೇಳುತ್ತ ಬಂದವರು. ಈಚಿನ ವರ್ಷಗಳಲ್ಲಾದರೋ, ಆ ವಾಕ್ಯ ಮುಗಿಯುವಷ್ಟರಲ್ಲೇ ಯಾವ ಸರಕಾರ ಉಳಿದೀತು, ಯಾರಿಗೆ ಪದವಿ ದೊರೆತೀತು ಎಂಬ ವ್ಯಾಖ್ಯಾನಗಳು ಹೊರಡುತ್ತವೆ. ಪ್ರತಿಯೊಂದು ಪಕ್ಷದವರಿಗೂ ತಮಗೆ ಬೇಕಾದ ಅರ್ಥವೇ ಅದರಲ್ಲಿ ದೊರೆಯುವುದೊಂದು ವಿಚಿತ್ರ!

ಇದರಿಂದ ದೇವರ ಘನತೆ ಹೆಚ್ಚಿತೆಂದು ಕೆಲವರು ಭಾವಿಸಬಹುದು. ಆದರೆ ಕಾರಣಿಕದ ನುಡಿಯು ಭವಿಷ್ಯವನ್ನು ಬಲ್ಲುದೋ ಇಲ್ಲವೋ, ಅದು ಒಕ್ಕಲಿಗನ ಆತಂಕದಿಂದ ಹುಟ್ಟಿದ್ದೆಂಬುದು ನಿಶ್ಚಯ. ಅದನ್ನು ರಾಜಧಾನಿಯ ಕುರ್ಚಿಗಳಿಗೆ ಕಟ್ಟಿಹಾಕುವುದು ಮೈಲಾರನನ್ನು ಅವನ ಜನರಿಂದ ದೂರ ಮಾಡಿದಂತೆಯೇ ಸರಿ. ನವರಾತ್ರಿಯ ವೇಳೆಗೆ ಬ್ಯಾಡಗಿಯ ಸುತ್ತಿನ ಹೊಲಗಳಲ್ಲಿ ಮೆಣಸಿನ ಗಿಡಗಳು ಇನ್ನೂ ನಿಂತಿರುತ್ತವೆ. ಹಾವೇರಿಯ ಎರೆಭೂಮಿ ಜೋಳ, ಕಡಲೆಗಳ ಬಿತ್ತನೆಗೆ ಹದವಾಗುತ್ತಿರುತ್ತದೆ. ಭಂಡಾರವನ್ನು ಹಚ್ಚಿಕೊಂಡು ಗುಡ್ಡವನ್ನು ಇಳಿಯುವ ರೈತನಿಗೆ ತಿಳಿಯಬೇಕಾದುದು ಹಿಂಗಾರು ಮಳೆ ಕೈಹಿಡಿಯುವುದೇ ಇಲ್ಲವೇ ಎಂಬುದು.